ಊರುಕೋಳಿಗೆ ನೀಲಿ ಮೊಟ್ಟೆ ತಳಿಯ ಹುಂಜ ಬಿಟ್ಟರೆ ಬಣ್ಣದ ಮೊಟ್ಟೆ ಸಿಗುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಕುಮಟಾದ ಮನೆ ಹಿತ್ತಲಲ್ಲಿ ಎಂಟು ಊರುಕೋಳಿ ಹೇಂಟೆಗಳಿವೆ, ನೀಲಿ ಮೊಟ್ಟೆಯ ತಳಿ ಎಂದು ಯಾರೋ ಹುಂಜ ಕೊಡುತ್ತಿದ್ದಾರೆ, ತಂದು ಬಿಟ್ಟರೆ ನೀಲಿ, ಹಸಿರು, ಆಲಿವ್ (ಕಂದು ಬೆರೆತ ಕಡುಹಸಿರು) ಮೊಟ್ಟೆ ಸಿಕ್ಕೀತೇ, ಮಳೆಗಾಲ ಹಿಡಿಯುವ ಮೊದಲೇ ಶುರು ಮಾಡಬಹುದೇ?

ಸಿಗುತ್ತದೆ, ಆದರೆ ಈಗಿರುವ ಹೇಂಟೆಗಳಿಂದಲ್ಲ. ಚಿಪ್ಪಿನ ಬಣ್ಣ ಮೊಟ್ಟೆ ಇಡುವ ಕೋಳಿಯದ್ದು. ಯಾವ ಹುಂಜ ಬಂದರೂ ನಿಮ್ಮ ಹೇಂಟೆಯ ತಿಳಿಗಂದು ಮೊಟ್ಟೆ ತಿಳಿಗಂದಾಗಿಯೇ ಇರುತ್ತದೆ. ಅದರಿಂದ ಹೊರಬಂದ ಹೆಣ್ಣುಮರಿ ಆರೇಳು ತಿಂಗಳಿಗೆ ಇಡತೊಡಗಿದಾಗಲೇ ಹೊಸ ಬಣ್ಣ ಕಾಣುವುದು. ಹಾಗಾಗಿ ಹುಂಜದ ಪುಕ್ಕ ನೋಡಿ ಮರುಳಾಗಬೇಡಿ, ಅದರ ತಾಯಿ ಇಟ್ಟ ಮೊಟ್ಟೆ ಕೇಳಿ.

ಮೊಟ್ಟೆ ಕೊಟ್ಟರೆ ಒಡೆದು, ಒಳಗಿನ ತೆಳು ಪೊರೆಯನ್ನು ಉಗುರಿನಿಂದ ಸುಲಿದು, ಚಿಪ್ಪಿನ ಒಳಮೈಯನ್ನು ಕಿಟಕಿಯ ಬೆಳಕಲ್ಲಿ ನೋಡಿ. ನೀಲಿ ಬಣ್ಣ ಬಿಲಿವರ್ಡಿನ್ ಎಂಬ ವರ್ಣದ್ರವ್ಯದ್ದು. ಚಿಪ್ಪಿನ ದಪ್ಪದಲ್ಲೆಲ್ಲ ಸೇರಿರುವುದರಿಂದ ಒಳಗೂ ನೀಲಿಯೇ ಕಾಣುತ್ತದೆ. ಕಂದು ಬಣ್ಣ ಪ್ರೋಟೋಪಾರ್ಫಿರಿನ್ ಎಂಬ ಇನ್ನೊಂದು ವರ್ಣದ್ರವ್ಯದ್ದು. ಇಡುವ ಮುಂಚಿನ ಕೆಲವು ತಾಸುಗಳಲ್ಲಿ ಹೊರಮೈಗೆ ಹೆಚ್ಚಾಗಿ ಕೂರುತ್ತದೆ, ಒಳಗೆ ಬೆಳ್ಳಗಿರುತ್ತದೆ. ಹಸಿರು ಮೊಟ್ಟೆ ಎಂದರೆ ನೀಲಿ ಚಿಪ್ಪಿನ ಮೇಲೆ ಕಂದು ಲೇಪ, ಅಷ್ಟೇ. ಹೊರಗೆ ಹಸಿರಿದ್ದು ಒಳಗೆ ಅಚ್ಚ ಬಿಳಿ ಇದ್ದರೆ ಯಾರೋ ಬಣ್ಣ ಹಚ್ಚಿದ್ದಾರೆ ಎಂದೇ ತಿಳಿಯಿರಿ.

ನೀಲಿಯ ಜೀನ್ ಒಂದೇ, ಅದು ಪ್ರಬಲ: ತಂದೆಯಿಂದಲೋ ತಾಯಿಯಿಂದಲೋ ಒಂದು ಪ್ರತಿ ಬಂದರೂ ಸಾಕು. ಚಿಲಿ ದೇಶದ ಮೂಲದ ಅರೌಕಾನಾ, ಅಮೆರಿಕದ ಅಮೆರೌಕಾನಾ, ಇಂಗ್ಲೆಂಡಿನ ಕ್ರೀಮ್ ಲೆಗ್‌ಬಾರ್ ಮೂರರಲ್ಲೂ ಇದೆ. ಹುಂಜದಲ್ಲಿ ಆ ಜೀನಿನ ಎರಡು ಪ್ರತಿ ಇದ್ದರೆ ಹೆಣ್ಣುಮಕ್ಕಳೆಲ್ಲ ನೀಲಿ ಅಥವಾ ಹಸಿರು ಇಡುತ್ತವೆ, ಒಂದೇ ಇದ್ದರೆ ಸುಮಾರು ಅರ್ಧ ಮಾತ್ರ. ‘ಈಸ್ಟರ್ ಎಗ್ಗರ್’ ಎಂಬುದು ಬೆರಕೆ. ಅದರಲ್ಲಿ ಎರಡು ಪ್ರತಿ ಇರುವ ಭರವಸೆ ಇಲ್ಲ. ಪರೀಕ್ಷೆ ಹೀಗೆ: ನಿಮ್ಮ ಹೇಂಟೆಗಳಿಂದ ಏಳು ಹೆಣ್ಣುಮರಿ ಬೆಳೆಸಿ. ಏಳೂ ನೀಲಿ-ಹಸಿರು ಇಟ್ಟರೆ ಹುಂಜ ಎರಡು ಪ್ರತಿಯದ್ದೆಂದು ನಂಬಬಹುದು. ಒಂದೇ ಪ್ರತಿಯ ಹುಂಜದಿಂದ ಹಾಗಾಗುವ ಸಾಧ್ಯತೆ 128ರಲ್ಲಿ 1. ಅವುಗಳಲ್ಲಿ ಒಂದೇ ಒಂದು ಕಂದು ಮೊಟ್ಟೆ ಇಟ್ಟರೂ ಹುಂಜದಲ್ಲಿ ಎರಡು ಪ್ರತಿ ಇಲ್ಲ. ಮರಿಗಳಲ್ಲಿ ಅರ್ಧ ಹುಂಜವೇ ಆಗುವುದರಿಂದ ಏಳು ಹೇಂಟೆ ಬೇಕೆಂದರೆ 20-24 ಮೊಟ್ಟೆ ಕಾವಿಗಿಡಬೇಕು.

ಜುಟ್ಟು ನೋಡಿ ಮರಿ ಆರಿಸಿ ಎಂದು ಹೇಳುವವರಿದ್ದಾರೆ. ಅಮೆರೌಕಾನಾದಲ್ಲಿ ಮೂರು ಸಾಲಿನ ಗಿಡ್ಡ ಬಟಾಣಿ ಜುಟ್ಟಿನ ಜೀನೂ ನೀಲಿ ಜೀನೂ ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಇವೆ, ಹೆಚ್ಚಾಗಿ ಒಟ್ಟಿಗೇ ಇಳಿಯುತ್ತವೆ. ಆದರೆ ಅಸೀಲ್ ಕೋಳಿಗೂ ಬಟಾಣಿ ಜುಟ್ಟೇ, ಅದಕ್ಕೂ ನೀಲಿಗೂ ಸಂಬಂಧವಿಲ್ಲ. ಅಂಕದ ಕೋಳಿಯ ರಕ್ತ ಬೆರೆತ ಊರುಕೋಳಿಗಳಲ್ಲಿ ಈ ಗುರುತು ನೆಚ್ಚಿದರೆ ಕೆಟ್ಟಿರಿ. ನಿಮ್ಮ ಹೇಂಟೆಗಳೆಲ್ಲ ಗರಗಸದಂಥ ಒಂಟಿ ಜುಟ್ಟಿನವಾಗಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಕ್ರೀಮ್ ಲೆಗ್‌ಬಾರ್‌ಗೆ ಒಂಟಿ ಜುಟ್ಟೇ ಇರುವುದರಿಂದ ಅಲ್ಲಿ ಅದೂ ಇಲ್ಲ.

ಹೊಸ ಹುಂಜವನ್ನು ನಾಲ್ಕು ವಾರ ಬೇರೆ ಗೂಡಿನಲ್ಲಿಡಿ, ಕೊಕ್ಕರೆ ರೋಗದ ಲಸಿಕೆ ಆಗಿದೆಯೇ ಕೇಳಿ. ಹಳೆಯ ಹುಂಜವನ್ನು ತೆಗೆದ ಮೇಲೆ ಮೂರು ವಾರ ಮರಿಗೆಂದು ಮೊಟ್ಟೆ ಕೂಡಿಡಬೇಡಿ, ಹೇಂಟೆಯ ಹೊಟ್ಟೆಯಲ್ಲಿ ವೀರ್ಯ ಅಷ್ಟು ದಿನ ಜೀವಂತ ಉಳಿಯುತ್ತದೆ. ಬಹಳ ಮಂದಿಯ ಲೆಕ್ಕ ತಪ್ಪುವುದು ಇಲ್ಲಿಯೇ. ಅಕ್ಕಪಕ್ಕದ ಹುಂಜ ಬೇಲಿ ಹಾರಿ ಬರುವಂತಿದ್ದರೆ ಮೇಲೂ ಬಲೆ ಕಟ್ಟಿ.

ನೀಲಿ ತಳಿಯ ಹುಂಜ ಕೂಡಿದರೆ ಹೆಣ್ಣುಮರಿಗಳ ಮೊಟ್ಟೆಯ ಬಣ್ಣದ ಲೆಕ್ಕ ಹೀಗೆ. ಬಿಳಿ ಲೆಗ್‌ಹಾರ್ನ್ ಜೊತೆ ತಿಳಿನೀಲಿ. ಊರುಕೋಳಿ ಜೊತೆ ಹಸಿರು ಛಾಯೆಯ ನೀಲಿ. ರೋಡ್ ಐಲ್ಯಾಂಡ್ ರೆಡ್ ಅಥವಾ ಗ್ರಾಮಪ್ರಿಯದಂಥ ಕಂದು ಮೊಟ್ಟೆಯವುಗಳ ಜೊತೆ ತಿಳಿಹಸಿರು. ನಿಜವಾದ ಆಲಿವ್‌ಗೆ ಫ್ರಾನ್ಸಿನ ಮರಾನ್ಸ್‌ನಂಥ ಕಡುಗಂದು ತಳಿ ಬೇಕು, ಅದಿಲ್ಲದೆ ಆಲಿವ್ ಆಸೆ ಬಿಡುವುದೇ ಒಳ್ಳೆಯದು. ಹಸಿರನ್ನು ಗಾಢಗೊಳಿಸಲು ಮೊದಲ ತಲೆಮಾರಿನ ಹೇಂಟೆಗೆ ಕಂದು ತಳಿಯ ಹುಂಜ ಬಿಡಿ. ಹೆಣ್ಣುಮಕ್ಕಳಲ್ಲಿ ಅರ್ಧ ಹಸಿರು, ಅರ್ಧ ಕಂದು. ಮೊದಲ ತಲೆಮಾರಿನ ಅಣ್ಣ-ತಂಗಿಯನ್ನೇ ಕೂಡಿಸಿದರೆ ನಾಲ್ಕರಲ್ಲಿ ಮೂರು ಪಾಲು ನೀಲಿ-ಹಸಿರು. ಕಂದಿಗೆ ಹಲವು ಜೀನ್‌ಗಳಿರುವುದರಿಂದ ಛಾಯೆ ಒಂದೊಂದರದ್ದು ಒಂದೊಂದು. ಕಡಕ್‌ನಾಥ್ ಬೆರೆಸಿದರೆ ಕಪ್ಪು ಮೊಟ್ಟೆ ಬರುವುದಿಲ್ಲ. ಅದರ ಕಪ್ಪು ಚರ್ಮ-ಮಾಂಸದ್ದು, ಮೊಟ್ಟೆ ತಿಳಿಗಂದೇ.

ಇನ್ನು ಮಳೆಗಾಲ. ನನ್ನ ಸಲಹೆ: ಅಕ್ಟೋಬರ್‌ವರೆಗೆ ಕಾಯಿರಿ. ಕರಾವಳಿಯ ಜೂನ್-ಜುಲೈ ತೇವದಲ್ಲಿ ಮೊಟ್ಟೆಯ ನೀರು ಆರುವುದಿಲ್ಲ, ಮೊಂಡು ತುದಿಯಲ್ಲಿ ಗಾಳಿ ತುಂಬಿರುವ ಜಾಗ (ಗಾಳಿಗೂಡು) ಚಿಕ್ಕದಾಗಿಯೇ ಉಳಿದು ಮರಿ ಚಿಪ್ಪಿನೊಳಗೇ ಉಸಿರುಕಟ್ಟಿ ಸಾಯುತ್ತದೆ. ಇನ್‌ಕ್ಯುಬೇಟರ್‌ನಲ್ಲೇ ಮಾಡುವುದಾದರೆ ಫ್ಯಾನ್ ಇರುವುದರಲ್ಲಿ 37.5 ಡಿಗ್ರಿ ಇಡಿ. ಮಳೆಗಾಲದಲ್ಲಿ 18ನೇ ದಿನದವರೆಗೆ ನೀರಿನ ತಟ್ಟೆ ಖಾಲಿ ಬಿಡಿ, ಆಮೇಲೆ ತೇವಾಂಶ ಶೇಕಡಾ 65-70ಕ್ಕೆ ಏರಿಸಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ: 50 ಗ್ರಾಂ ಮೊಟ್ಟೆ 18ನೇ ದಿನಕ್ಕೆ 44 ಗ್ರಾಂ ಆಸುಪಾಸಿಗೆ ಇಳಿದಿರಬೇಕು. 47 ಇದ್ದರೆ ತೇವ ಹೆಚ್ಚಾಗಿದೆ. ಕಾವಿಗೆ ಕೂತ ಊರುಕೋಳಿ ಇದ್ದರೆ 10-12 ಮೊಟ್ಟೆ ಅದಕ್ಕೇ ಕೊಡಿ, ಯಂತ್ರಕ್ಕಿಂತ ಅದು ಮೇಲು. ಕೂಡಿಡುವ ಮೊಟ್ಟೆಯನ್ನು ಒದ್ದೆ ಮರಳಿನ ಮೇಲೆ ಕೂರಿಸಿದ ಮಡಕೆಯಲ್ಲಿಡಿ, ನಾಲ್ಕು ದಿನ ದಾಟಿಸಬೇಡಿ. ನಮ್ಮ ಸೆಕೆಯಲ್ಲಿ ಹೊರಗಿಟ್ಟ ಮೊಟ್ಟೆಯೊಳಗೆ ಭ್ರೂಣ ಅರೆಬರೆ ಬೆಳೆದು ಸಾಯುತ್ತದೆ. ದಿನಾಂಕ, ಹೇಂಟೆಯ ಗುರುತು ಪೆನ್ಸಿಲ್‌ನಲ್ಲೇ ಬರೆಯಿರಿ. ಮರಿಗಳ ಕಾಲಿಗೆ ಬಣ್ಣದ ಉಂಗುರ ಹಾಕಿ, ಬೆಳೆದಂತೆ ಬದಲಿಸಿ. ಬಿಗಿಯಾದರೆ ಕಾಲು ಕೊಯ್ಯುತ್ತದೆ.

ಬಣ್ಣ ತೀರ್ಮಾನಿಸಲು ಮೊದಲ ಹತ್ತು ಮೊಟ್ಟೆ ಸಾಲಾಗಿಟ್ಟು ನೋಡಿ. ಇಡುತ್ತ ಹೋದಂತೆ ಕಂದು ಮಾಸುತ್ತದೆ, ಪುಕ್ಕ ಉದುರಿಸಿ ವಿಶ್ರಾಂತಿ ಪಡೆದ ಮೇಲೆ ಮತ್ತೆ ಗಾಢವಾಗುತ್ತದೆ. ಕಂದು ಒಮ್ಮೆಲೇ ಬೆಳ್ಳಗಾದರೆ ರೋಗವೋ, ಆಹಾರದಲ್ಲಿ ನಿಕಾರ್ಬಜಿನ್ ಎಂಬ ಔಷಧಿಯೋ ಇದ್ದೀತು. ಚೀಲದ ಚೀಟಿ ಓದಿ. ಚಿಪ್ಪು ತೆಳುವಾದರೆ ಅಘನಾಶಿನಿಯ ಬಳಚಿನ ಚಿಪ್ಪನ್ನು ಉಪ್ಪು ಹೋಗುವಂತೆ ತೊಳೆದು, ಒಣಗಿಸಿ, ಅಕ್ಕಿಕಾಳಿನಷ್ಟು ಕುಟ್ಟಿ ಬೇರೆ ತಟ್ಟೆಯಲ್ಲಿಡಿ. ಬೇಕಾದಷ್ಟನ್ನು ಅವೇ ತಿನ್ನುತ್ತವೆ.