ಹಸು ಮೈಮೇಲೆ ಗಡ್ಡೆನಾ? ಕುಯ್ಯೋ ಮುಂಚೆ ಸೂಜಿ ಹಾಕ್ಸಿ ನೋಡಿ

ಪ್ರಶ್ನೆ: ಸಾರ್, ನಮ್ದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸು, 7 ತಿಂಗಳ ಗಬ್ಬ. ಭುಜದ ಹತ್ರ ಹೋದ ವರ್ಷ ನಿಂಬೆಹಣ್ಣಿನಷ್ಟಿದ್ದ ಗಡ್ಡೆ ಈಗ ತೆಂಗಿನಕಾಯಿ ಗಾತ್ರ ಆಗಿದೆ. ನೋವಿಲ್ಲ, ಮೇವು ಚೆನ್ನಾಗೇ ತಿಂತಿದೆ. ಊರಲ್ಲಿ ಒಬ್ರು ಬರೆ ಹಾಕ್ಸಿ ಅಂತಾರೆ, ಇನ್ನೊಬ್ರು ಕ್ಯಾನ್ಸರ್ರು, ಮಾರ್ಬಿಡಿ ಅಂತಾರೆ. ಏನ್ ಮಾಡ್ಲಿ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ಬರೆ ಮಾತ್ರ ಬೇಡ ಸ್ವಾಮಿ, ಚರ್ಮ ಸುಟ್ಟು ಹುಣ್ಣಾಗಿ ಹುಳ ಬೀಳುತ್ತೆ, ಒಳಗಿನ ಗಡ್ಡೆ ಇದ್ದಲ್ಲೇ ಇರುತ್ತೆ. ಮಾರೋ ಯೋಚ್ನೆನೂ ಈಗ್ಲೇ ಬೇಡ. ನಿಧಾನಕ್ಕೆ ಬೆಳ್ದು, ನೋವಿಲ್ದೆ, ಹಿಡಿದ್ರೆ ಚರ್ಮದ ಕೆಳಗೆ ಅತ್ಲಾಗೆ ಇತ್ಲಾಗೆ ಜಾರೋ ಗಡ್ಡೆ ಸಾಮಾನ್ಯವಾಗಿ ಅಪಾಯದ್ದಲ್ಲ. ಮೆತ್ತಗಿದ್ರೆ ಲಿಪೋಮಾ ಅಂದ್ರೆ ಕೊಬ್ಬಿನ ಗಡ್ಡೆ, ಗಟ್ಟಿಯಿದ್ರೆ ಫೈಬ್ರೋಮಾ ಅಂದ್ರೆ ನಾರಿನ ಗಡ್ಡೆ ಇರ್ಬಹುದು. ಆದ್ರೆ ಮುಟ್ಟಿ ಹೇಳೋದೆಲ್ಲ ಅಂದಾಜು. ಡಾಕ್ಟ್ರು ಕೂದ್ಲು ಬೋಳ್ಸಿ, ಸ್ಪಿರಿಟ್ ಹಚ್ಚಿ, ಸೂಜಿ ಹಾಕಿ ಎಳೀತಾರೆ: ಕೀವು ಬಂದ್ರೆ ಕುರು, ಬರೀ ರಕ್ತ ಬಂದ್ರೆ ಏಟು ಬಿದ್ದು ರಕ್ತ ನಿಂತಿರೋದು, ಎಣ್ಣೆಯಂಥ ಜಿಡ್ಡು ಬಂದ್ರೆ ಕೊಬ್ಬು. ಹೊಕ್ಕುಳ ಹತ್ರದ ಗಡ್ಡೆಗಂತೂ ನೀವಾಗೇ ಸೂಜಿ ಬ್ಲೇಡು ಏನೂ ತಾಗಿಸ್ಬೇಡಿ, ಹರ್ನಿಯಾ ಆಗಿದ್ರೆ ಒಳಗಿರೋದು ಕರುಳು!

ಗಡ್ಡೆ ಒಡೆದಿಲ್ಲ, ದಿಢೀರಂತ ಬೆಳೀತಿಲ್ಲ ಅಂದ್ರೆ ಆಪರೇಷನ್‌ಗೆ ಕರು ಹಾಕೋ ತನಕ ಕಾಯೋದೇ ವಾಸಿ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಮಂಪರಿಗೆ ಕೊಡೋ ಕ್ಸೈಲಜಿನ್ ಗರ್ಭಕೋಶನ ಹಿಂಡುತ್ತೆ, ತುಂಬು ಗಬ್ಬದಲ್ಲಿ ಕಂದು ಹಾಕೋ ಭಯ. ಆಪರೇಷನ್ ಹಿಂದಿನ ದಿನ ಮೇವು ನಿಲ್ಸಿ, ಇಲ್ದಿದ್ರೆ ಮಲಗ್ಸಿದಾಗ ಹೊಟ್ಟೆ ಉಬ್ಬರಿಸುತ್ತೆ. ಗಡ್ಡೆ ಸುತ್ತ ಲಿಗ್ನೋಕೇನ್ ಚುಚ್ಚಿ ಮರಗಟ್ಟಿಸಿ, ಚರ್ಮನ ಎಲೆ ಆಕಾರದಲ್ಲಿ ಕುಯ್ದು, ಆದಷ್ಟು ಬೆರಳಲ್ಲೇ ಬಿಡಿಸ್ಕೊಂಡು, ರಕ್ತನಾಳ ಕಟ್ಟಿ ಪೂರ್ತಿ ತೆಗೀತಾರೆ. ಚೂರು ಉಳಿದ್ರೂ ಮತ್ತೆ ಬೆಳೀಬಹುದು. ಒಳಗಿನ ಖಾಲಿ ಜಾಗನೂ ಹೊಲಿಗೆ ಹಾಕಿ ಮುಚ್ಬೇಕು, ಇಲ್ಲಾಂದ್ರೆ ಅಲ್ಲಿ ನೀರು ತುಂಬ್ಕೊಂಡು ಊದುತ್ತೆ, ಆಮೇಲೆ ನೀವು ಗಡ್ಡೆ ವಾಪಸ್ ಬಂತು ಅಂತ ಡಾಕ್ಟ್ರನ್ನ ಬೈತೀರ.

ತೆಗೆದ ಗಡ್ಡೆನ ತಿಪ್ಪೆಗೆ ಎಸೀಬೇಡಿ. ಒಂದು ತುಂಡನ್ನ ಅದರ 10 ಪಟ್ಟು 10% ಫಾರ್ಮಲಿನ್‌ನಲ್ಲಿ (ಕೊಳೀದಂಗೆ ಇಡೋ ದ್ರಾವಣ) ಮುಳುಗ್ಸಿ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕಳ್ಸೋಕೆ ಡಾಕ್ಟ್ರಿಗೆ ಹೇಳಿ, ಕ್ಯಾನ್ಸರ್ ಹೌದೋ ಅಲ್ವೋ ಅನ್ನೋದನ್ನ ಬಯಾಪ್ಸಿ ರಿಪೋರ್ಟ್ ಹೇಳ್ಬೇಕೇ ಹೊರತು ಪಕ್ಕದ ಮನೆಯವ್ರಲ್ಲ. ಹೊಲಿಗೆ 10-14 ದಿನಕ್ಕೆ ಬಿಚ್ತಾರೆ, ಅಲ್ಲೀವರ್ಗೂ ನೊಣ ಕೂರದಂಗೆ ಸ್ಪ್ರೇ ಹೊಡೀರಿ. ಆಂಟಿಬಯೋಟಿಕ್ ಕೊಡೋವಾಗ, ಆಮೇಲೂ ಹಾಲು ಬಳಸಬಾರ್ದು ಅಂತ ಬಾಟ್ಲಿ ಮೇಲೆ ಬರೆದಿರೋ ಅವಧಿ ಮುಗಿಯೋವರ್ಗೂ ಹಾಲನ್ನ ಡೈರಿಗೆ ಹಾಕ್ಬೇಡಿ.