ಬೆಳಿಗ್ಗೆ ಹೋಗಿ ಸಂಜೆ ಬಂದರೆ ಅಲೆಕ್ಸಾಂಡ್ರಿಯಾ ಸಿಗಲ್ಲ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಟೀಚರ್, ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಡಿಸೆಂಬರಿನಲ್ಲಿ ಯಜಮಾನರ ಜೊತೆ ಒಂಬತ್ತು ದಿನ ಈಜಿಪ್ಟಿಗೆ ಹೊರಟಿದ್ದೇನೆ. ಟೂರ್‌ನವರ ಪಟ್ಟಿಯಲ್ಲಿ ಆರನೇ ದಿನ, ಶುಕ್ರವಾರ, ಅಲೆಕ್ಸಾಂಡ್ರಿಯಾಕ್ಕೆ ಬೆಳಿಗ್ಗೆ ಹೋಗಿ ರಾತ್ರಿ ಕೈರೋಗೆ ವಾಪಸ್. ಶನಿವಾರ, ಭಾನುವಾರ ಕೈರೋದಲ್ಲಿ ಶಾಪಿಂಗ್‌ಗೆ ಬಿಟ್ಟಿದ್ದಾರೆ. ಸೋಮವಾರ ರಾತ್ರಿ ವಿಮಾನ. ಪುರಾತನ ಕಾಲದ ಆ ಲೈಟ್‌ಹೌಸ್, ಆ ಲೈಬ್ರರಿ ಬಗ್ಗೆ ಮಕ್ಕಳಿಗೆ ಎಷ್ಟು ವರ್ಷ ಪಾಠ ಹೇಳಿದ್ದೇನೋ! ಒಂದು ದಿನ ಸಾಕಾ? ನನಗೆ ಮಂಡಿ ನೋವಿದೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನಲ್ಲ.
– ಓದುಗರು, ತೀರ್ಥಹಳ್ಳಿ

ಉತ್ತರ: ಸಾಲಲ್ಲ ಮೇಡಂ. ಒಂದೇ ದಿನ ಅಂತಾದರೆ ಹೋಗದೇ ಇದ್ದರೂ ನಡೆಯುತ್ತೆ ಅಂತಲೇ ಹೇಳುತ್ತೇನೆ.

ಕೈರೋದಿಂದ ಅಲ್ಲಿಗೆ ಸುಮಾರು 220 ಕಿ.ಮೀ. ಹೋಗೋಕೆ ಮೂರು ಗಂಟೆ, ಬರೋಕೆ ಮೂರು ಗಂಟೆ. ಕೈರೋ ಟ್ರಾಫಿಕ್ ಬೇರೆ. ಮೊದಲ ಸಲ ಗುಂಪು ಕರೆದುಕೊಂಡು ಹೋದಾಗ ನಾನೂ ಇದೇ ತಪ್ಪು ಮಾಡಿದ್ದೆ, ಅದೂ ಶುಕ್ರವಾರ. ಲೈಬ್ರರಿ ಬಾಗಿಲು ಹಾಕಿತ್ತು. ಕಂಬದ ಮುಂದೆ ಒಂದು ಫೋಟೋ, ಕೋಟೆ ಮುಂದೆ ಒಂದು ಫೋಟೋ, ಊಟ, ಮತ್ತೆ ಬಸ್ಸು. ಅರ್ಧ ದಾರಿ ಬಂದ ಮೇಲೆ ಹಿರಿಯರೊಬ್ಬರು ನಿದ್ದೆಯಿಂದ ಎದ್ದು, "ಅಲೆಕ್ಸಾಂಡ್ರಿಯಾ ಎಷ್ಟು ಹೊತ್ತಿಗೆ ಬರುತ್ತೆ?" ಅಂತ ಕೇಳಿದರು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಪಿರಮಿಡ್ ನೋಡೋದು ಸುಲಭ. ಮುಂದೆ ಹೋಗಿ ನಿಂತರೆ ಆಯಿತು, ಅದು ಅಲ್ಲೇ ಇದೆ. ಅಲೆಕ್ಸಾಂಡ್ರಿಯಾ ಹಾಗಲ್ಲ. ಹಂಪಿಯಲ್ಲಿ ಊರು ಹೋಗಿ ಕಲ್ಲು ಉಳಿದಿದೆ, ಇಲ್ಲಿ ಕಲ್ಲು ಹೋಗಿ ಊರು ಉಳಿದಿದೆ. ಅಲೆಕ್ಸಾಂಡರ್ ಕ್ರಿ.ಪೂ. 331ರಲ್ಲಿ ಕಟ್ಟಿಸಿದ ಊರಿನ ಮೇಲೇ ಇವತ್ತಿನ ಫ್ಲಾಟು, ಅಂಗಡಿ, ರೈಲ್ವೆ ಸ್ಟೇಷನ್ ಕೂತಿವೆ. ಹಳೆಯದು ಅಲ್ಲೊಂದು ಇಲ್ಲೊಂದು ಸಿಗುತ್ತೆ. ನಡುವೆ ಸಮುದ್ರದ ಕಟ್ಟೆ ಮೇಲೆ ಸುಮ್ನೆ ಕೂತು ಊರು ನೋಡಬೇಕು. ಅದಕ್ಕೆ ಒಂದು ರಾತ್ರಿಯಾದರೂ ಅಲ್ಲಿ ಮಲಗಿ.

ನಿಮ್ಮ ಪಟ್ಟಿಯಲ್ಲೇ ಪರಿಹಾರ ಇದೆ. ಶಾಪಿಂಗನ್ನು ಶುಕ್ರವಾರಕ್ಕೆ ತಳ್ಳಿ, ಆದರೆ ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಹೋಗಿ. ಅಲ್ಲಿವರೆಗೆ ಖಾನ್ ಎಲ್ ಖಲೀಲಿ ಬಜಾರಿನಲ್ಲಿ ಎಷ್ಟೋ ಅಂಗಡಿ ತೆಗೆದಿರಲ್ಲ. ಶನಿವಾರ ಬೆಳಿಗ್ಗೆ ಅಲೆಕ್ಸಾಂಡ್ರಿಯಾಕ್ಕೆ ಹೊರಡಿ, ಭಾನುವಾರ ಸಂಜೆ ವಾಪಸ್ ಬನ್ನಿ. ಗುಂಪು ಬಿಟ್ಟು ಹೋಗ್ತೇವೆ ಅಂತ ಟೂರ್‌ನವರಿಗೆ ಈಗಲೇ ತಿಳಿಸಿ. ಅಲ್ಲಿ ಹೋಗಿ ಹೇಳಿದರೆ ಮುಖ ಗಂಟು ಹಾಕುತ್ತಾರೆ.

ರೈಲಿನಲ್ಲೇ ಹೋಗಿ. ಎಸಿ ಬೋಗಿ ಚೆನ್ನಾಗಿರುತ್ತೆ, ಡೆಲ್ಟಾದ ಹೊಲಗಳು ಕಾಣುತ್ತವೆ. ಅಲೆಕ್ಸಾಂಡ್ರಿಯಾದಲ್ಲಿ ಎರಡು ಸ್ಟೇಷನ್. ಮೊದಲು ಸಿದಿ ಗಾಬಿರ್ ಬರುತ್ತೆ, ಜನ ದಡಬಡ ಇಳಿಯುತ್ತಾರೆ. ನೀವು ಇಳಿಯಬೇಡಿ. ಕೊನೆಯದು ಮಿಸ್ರ್ ಸ್ಟೇಷನ್, ಹಳೇ ಊರಿಗೆ ಅದೇ ಹತ್ತಿರ. ಹೊರಡುವ ಮುಂಚೆ ಅರಬ್ಬಿ ಅಂಕಿ ಹತ್ತನ್ನೂ ಕಲಿತುಕೊಳ್ಳಿ, ಸೀಟು, ಬೋಗಿ, ಬೆಲೆ ಎಲ್ಲ ಅದರಲ್ಲೇ ಬರೆದಿರುತ್ತಾರೆ. ಒಂದು ಮೋಸ ಇದೆ: ಅವರ ಐದು ನೋಡೋಕೆ ನಮ್ಮ ಸೊನ್ನೆ ಥರ, ಅವರ ಸೊನ್ನೆ ಬರೀ ಒಂದು ಚುಕ್ಕಿ. ಐವತ್ತು ಅಂದರೆ ಒಂದು ಸೊನ್ನೆ, ಪಕ್ಕದಲ್ಲಿ ಒಂದು ಚುಕ್ಕಿ. ಟೀಚರ್‌ಗೆ ಕಷ್ಟ ಆಗಲಿಕ್ಕಿಲ್ಲ ಬಿಡಿ.

ರೂಮು ರಮ್ಲ್ ಸ್ಟೇಷನ್ ಅನ್ನುವ ಬಡಾವಣೆಯಲ್ಲಿ (ಇದು ರೈಲ್ವೆ ಸ್ಟೇಷನ್ ಅಲ್ಲ) ಮಾಡಿ, ಸಮುದ್ರಕ್ಕೆ ಮುಖ ಮಾಡಿರುವುದು. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇದೆಯಾ, ಇದ್ದರೆ ಕೆಲಸ ಮಾಡುತ್ತಾ ಅಂತ ಎರಡು ಸಲ ಕೇಳಿ. ಅಲ್ಲೇ ಸಾದ್ ಜಗ್ಲೂಲ್ ಚೌಕ ಇದೆ. ಕ್ಲಿಯೋಪಾತ್ರಳ ಸೂಜಿಗಳು ಅಂತ ಹೆಸರಾದ ಎರಡು ಕಲ್ಲುಕಂಬಗಳು ಒಂದು ಕಾಲಕ್ಕೆ ಇದರ ಹತ್ತಿರವೇ ಇದ್ದವು. ಈಗ ಒಂದು ಲಂಡನ್ನಿನಲ್ಲಿ, ಇನ್ನೊಂದು ನ್ಯೂಯಾರ್ಕಿನಲ್ಲಿ.

ಶನಿವಾರ ಮೊದಲು ಕೋಮ್ ಎಲ್ ದಿಕ್ಕಾ ನೋಡಿ. ಮಿಸ್ರ್ ಸ್ಟೇಷನ್ನಿಂದ ನಡೆದು ಹೋಗುವಷ್ಟು ಹತ್ತಿರ. ಎಲ್ಲರೂ ಅಲ್ಲಿನ ಅಮೃತಶಿಲೆಯ ರಂಗಮಂದಿರದಲ್ಲಿ ಫೋಟೋ ಹೊಡೆದುಕೊಂಡು ಓಡುತ್ತಾರೆ. ನೀವು ಪಕ್ಕದ ಸಾಲು ಕೋಣೆಗಳ ಹತ್ತಿರ ಹೋಗಿ. ಅವು ಸುಮಾರು 1,500 ವರ್ಷ ಹಳೆಯ ಕ್ಲಾಸ್‌ರೂಮುಗಳು. ಗೋಡೆಗುಂಟ ಕುದುರೆ ಲಾಳದ ಹಾಗೆ ಕಲ್ಲಿನ ಬೆಂಚು, ಮಧ್ಯೆ ಎತ್ತರದಲ್ಲಿ ಮೇಷ್ಟ್ರ ಪೀಠ. ಪೋಲೆಂಡಿನ ಪುರಾತತ್ವ ತಂಡ ಇಂಥ ಇಪ್ಪತ್ತರಷ್ಟು ಕೋಣೆಗಳನ್ನು ಅಗೆದು ತೆಗೆದಿದೆ. ಮಿಕ್ಕಿದ್ದೆಲ್ಲ ಬಿಟ್ಟರೂ ನೀವು ಇದನ್ನು ಬಿಡಬಾರದು.

ಆಮೇಲೆ ಕಾಯಿತ್ ಬೇ ಕೋಟೆ. ಲೈಟ್‌ಹೌಸ್ ಇದ್ದ ಜಾಗ ಇದೇ. ಕ್ರಿ.ಪೂ. 280ರ ಸುಮಾರಿಗೆ ಕಟ್ಟಿದ್ದು, ನೂರು ಮೀಟರಿಗೂ ಎತ್ತರ. ಒಂದೇ ದಿನ ಬಿದ್ದದ್ದಲ್ಲ, ಭೂಕಂಪದ ಮೇಲೆ ಭೂಕಂಪ ಆಗಿ ಶತಮಾನಗಟ್ಟಲೆ ಕುಸಿಯಿತು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ 1326ರಲ್ಲಿ ನೋಡಿದಾಗ ಒಂದು ಮುಖ ಬಿದ್ದಿತ್ತು, ಒಳಗೆ ಹೋಗಲು ಆಗುತ್ತಿತ್ತು. 1349ರಲ್ಲಿ ಮತ್ತೆ ಬಂದಾಗ ಬಾಗಿಲವರೆಗೆ ಹತ್ತಲೂ ಆಗಲಿಲ್ಲವಂತೆ. ಈ ಎರಡು ಭೇಟಿಗಳ ನಡುವೆ ಅವನು ನಮ್ಮ ಕರಾವಳಿಗೂ ಬಂದಿದ್ದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ. 1477ರಲ್ಲಿ ಸುಲ್ತಾನ್ ಕಾಯಿತ್ ಬೇ ಅದೇ ಜಾಗದಲ್ಲಿ ಕೋಟೆ ಎಬ್ಬಿಸಿದ. ಲೈಟ್‌ಹೌಸಿನ ಬಿದ್ದ ಕಲ್ಲುಗಳನ್ನೂ ಬಳಸಿಕೊಂಡ. ಕೋಟೆ ಒಳಗೆ ಮೆಟ್ಟಿಲು ಜಾಸ್ತಿ. ಮಂಡಿ ಬೇಡ ಅಂದರೆ ಮೇಲೆ ಹತ್ತಬೇಡಿ, ಹೊರಗಿನ ಗೋಡೆ ಹತ್ತಿರ ಕೂತು ನೀರು ನೋಡಿ. ಲೈಟ್‌ಹೌಸಿನ ಇನ್ನಷ್ಟು ಕಲ್ಲು ಆ ನೀರಿನ ಕೆಳಗಿದೆ. ಕೋಟೆ ಸಂಜೆ ಬೇಗ ಮುಚ್ಚುತ್ತಾರೆ, ನಾಲ್ಕರ ಒಳಗೆ ಒಳಗಿರಿ.

ವಾಪಸ್ ಬರುವಾಗ ಕುದುರೆ ಗಾಡಿಯವರು ಕರೆಯುತ್ತಾರೆ. ಹತ್ತೋದಾದರೆ ಬೆಲೆ ಗಾಡಿಗಾ, ತಲೆಗಾ ಅಂತ ಮೊದಲೇ ಕೇಳಿ. ನಾನು ಕೇಳದೆ ಹತ್ತಿ ಮೂರು ಪಟ್ಟು ಕೊಟ್ಟಿದ್ದೇನೆ. ಕಪ್ಪು-ಹಳದಿ ಟ್ಯಾಕ್ಸಿಗೂ ಇದೇ ಮಾತು, ಮೀಟರ್ ನಂಬಬೇಡಿ. ಫೋನಿನಲ್ಲಿ ಊಬರ್ ಹಾಕಿಕೊಂಡಿದ್ದರೆ ಚೌಕಾಸಿ ತಪ್ಪುತ್ತೆ. ಇನ್ನು ಕಾರ್ನಿಷ್, ಅಂದರೆ ಸಮುದ್ರದ ಪಕ್ಕದ ರಸ್ತೆ. ಅದನ್ನು ದಾಟೋದೇ ಒಂದು ಸಾಹಸ. ಗಾಡಿ ನಿಲ್ಲಿಸುವ ಪದ್ಧತಿ ಇಲ್ಲ. ಸುರಂಗ ದಾರಿ ಇರುವ ಕಡೆ ಅದರಲ್ಲೇ ಹೋಗಿ. ಇಲ್ಲದಿದ್ದರೆ ಮಗು ಎತ್ತಿಕೊಂಡ ಹೆಂಗಸು ಯಾರಾದರೂ ದಾಟುತ್ತಿದ್ದರೆ ಅವರ ಪಕ್ಕ ಸೇರಿಕೊಳ್ಳಿ.

ಭಾನುವಾರ ಬೆಳಿಗ್ಗೆ ಬೇಗ ಕರ್ಮೂಸ್ ಕಡೆ ಹೋಗಿ. ಪಾಂಪೆಯ ಕಂಬ ಅಲ್ಲೇ ಇದೆ. ಹೆಸರು ಸುಳ್ಳು, ರೋಮನ್ ಸೇನಾಪತಿ ಪಾಂಪೆಗೂ ಅದಕ್ಕೂ ಸಂಬಂಧ ಇಲ್ಲ. ರೋಮನ್ ಚಕ್ರವರ್ತಿ ಡಯೋಕ್ಲೇಷಿಯನ್ ಗೌರವಕ್ಕೆ ನಿಲ್ಲಿಸಿದ್ದು. ಸುಮಾರು 27 ಮೀಟರ್ ಎತ್ತರ, ನಡುವಿನ ಕಂಬವೆಲ್ಲ ಆಸ್ವಾನಿನ ಕೆಂಪು ಗ್ರಾನೈಟಿನ ಒಂದೇ ಕಲ್ಲು. ಇಪ್ಪತ್ತು ನಿಮಿಷ ಸಾಕು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕೋಮ್ ಎಲ್ ಶುಕಾಫಾ, ನೆಲದಡಿಯ ಸಮಾಧಿಗಳು. 1900ರಲ್ಲಿ ಒಂದು ಕತ್ತೆ ಗುಂಡಿಗೆ ಬಿದ್ದಾಗ ಪತ್ತೆಯಾಯಿತು ಅಂತ ಹೇಳುತ್ತಾರೆ. ಸುತ್ತು ಮೆಟ್ಟಿಲು 99. ಇಳಿಯೋದು ಪರವಾಗಿಲ್ಲ, ಹತ್ತೋದೇ ಕಷ್ಟ. ಬೆಳಿಗ್ಗೆ ಮಂಡಿ ಹೇಗಿದೆ ನೋಡಿ ತೀರ್ಮಾನ ಮಾಡಿ. ಆಗುತ್ತೆ ಅಂತಾದರೆ ಇಳಿಯಿರಿ, ಯಾಕಂದರೆ ಇಂಥದ್ದು ಬೇರೆಲ್ಲೂ ಸಿಗಲ್ಲ. ಬಾಗಿಲ ಪಕ್ಕ ಈಜಿಪ್ಟಿನ ನರಿಮುಖದ ದೇವರು ಅನುಬಿಸ್ ನಿಂತಿದ್ದಾನೆ, ಮೈಮೇಲೆ ರೋಮನ್ ಸೈನಿಕನ ಡ್ರೆಸ್ಸು! ಒಳಗೆ ಕಲ್ಲಿನ ಮಂಚಗಳಿರುವ ಊಟದ ಕೋಣೆ ಇದೆ. ಸತ್ತವರ ಮನೆಯವರು ಬಂದು ಇಲ್ಲಿ ಉಣ್ಣುತ್ತಿದ್ದರು. ಪಾತ್ರೆ ಮನೆಗೆ ಒಯ್ಯದೆ ಇಲ್ಲೇ ಒಡೆದು ಹೋಗುತ್ತಿದ್ದರಂತೆ. ಶುಕಾಫಾ ಅಂದರೆ ಮಡಕೆ ಚೂರು, ಹೆಸರು ಹಾಗೆ ಬಂದಿದ್ದು. ತಿಥಿ ಊಟ ಉಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಮಧ್ಯಾಹ್ನ ಲೈಬ್ರರಿ. ಹಳೆಯದರ ಒಂದು ಇಟ್ಟಿಗೆಯೂ ಇಲ್ಲ. ಇದು 2002ರಲ್ಲಿ ಶುರುವಾದ ಹೊಸ ಕಟ್ಟಡ, ಸಮುದ್ರದ ಕಡೆ ವಾಲಿಸಿಟ್ಟ ದೊಡ್ಡ ತಟ್ಟೆ ಥರ. ಹೊರಗಿನ ಗ್ರಾನೈಟ್ ಗೋಡೆ ಮೇಲೆ ಜಗತ್ತಿನ 120 ಲಿಪಿಗಳ ಅಕ್ಷರ ಕೆತ್ತಿದ್ದಾರೆ, ಬಂದವರೆಲ್ಲ ತಂತಮ್ಮ ಅಕ್ಷರ ಹುಡುಕುತ್ತಾ ನಿಂತಿರುತ್ತಾರೆ. ಬ್ಯಾಗು ಹೊರಗೇ ಇಡಬೇಕು. ಒಳಗಿನ ಪುರಾತನ ವಸ್ತುಗಳ ಮ್ಯೂಸಿಯಮ್ಮಿಗೆ ಖಂಡಿತ ಹೋಗಿ. ಈ ಕಟ್ಟಡಕ್ಕೆ ಪಾಯ ತೋಡುವಾಗ ಸಿಕ್ಕಿದ ಒಂದು ಮೊಸಾಯಿಕ್ ಅಲ್ಲಿದೆ. ಸಣ್ಣ ಸಣ್ಣ ಕಲ್ಲಿನ ಚೂರಿನಲ್ಲಿ ಮಾಡಿದ ನಾಯಿ. ಕುತ್ತಿಗೆಗೆ ಕೆಂಪು ಪಟ್ಟಿ, ಪಕ್ಕದಲ್ಲಿ ಉರುಳಿ ಬಿದ್ದ ಪಾತ್ರೆ. ನಾನಲ್ಲ ಉರುಳಿಸಿದ್ದು ಅನ್ನುವ ಹಾಗೆ ನಿಮ್ಮನ್ನೇ ನೋಡುತ್ತೆ. ಎರಡು ಸಾವಿರ ವರ್ಷ ದಾಟಿದೆ, ಮುಖದ ಭಾವ ಮಾತ್ರ ನಮ್ಮನೆ ನಾಯಿಯದ್ದೇ. ಹೊತ್ತು ಉಳಿದರೆ ಗ್ರೀಕೋ-ರೋಮನ್ ಮ್ಯೂಸಿಯಂ. 2005ರಲ್ಲಿ ಮುಚ್ಚಿದ್ದನ್ನು 2023ರಲ್ಲಿ ಮತ್ತೆ ತೆರೆದಿದ್ದಾರೆ. ಎರಡೂ ಆಗಲ್ಲ ಅನಿಸಿದರೆ ನಾಯಿಗೇ ನನ್ನ ಓಟು.

ಸರ್ಕಾರಿ ತಾಣಗಳಲ್ಲಿ ಟಿಕೆಟಿಗೆ ಈಗ ಹೆಚ್ಚಾಗಿ ಕಾರ್ಡೇ ಕೇಳುತ್ತಾರೆ. ಹೊರಡುವ ಮುಂಚೆ ಬ್ಯಾಂಕಿನಲ್ಲಿ ವಿದೇಶಿ ಬಳಕೆ ಆನ್ ಮಾಡಿಸಿಕೊಳ್ಳಿ.

ಊಟಕ್ಕೆ ಹೆದರಬೇಡಿ. ಕೊಶರಿ ಇದೆ: ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಟೊಮೆಟೊ ಸಾರು, ಗರಿಗರಿ ಹುರಿದ ಈರುಳ್ಳಿ. ಹೊಟ್ಟೆ ಗಟ್ಟಿಯಾಗಿ ತುಂಬುತ್ತೆ. ಬೆಳಿಗ್ಗೆ ಫೂಲ್ ತಿನ್ನಿ, ದೊಡ್ಡ ಅವರೆಯಂಥ ಕಾಳು ಬೇಯಿಸಿ ಮಸೆದದ್ದು, ರೊಟ್ಟಿ ಜೊತೆ. ಫಲಾಫಲ್ ನಮ್ಮ ಮಸಾಲೆ ವಡೆಯ ದಾಯಾದಿ. ಮುಲೂಖಿಯಾ ಅನ್ನುವ ಸೊಪ್ಪಿನ ಸಾರು ಮಾತ್ರ ಬೇಡ, ಸಾಮಾನ್ಯವಾಗಿ ಕೋಳಿಯ ರಸದಲ್ಲಿ ಮಾಡುತ್ತಾರೆ. 'ಮಾಂಸ ಬೇಡ' ಅಂದರೆ ಸಾಲಲ್ಲ, ಕೋಳಿ ತಂದಿಡುತ್ತಾರೆ! 'ಸಿಯಾಮಿ' ಅನ್ನಿ. ಅಲ್ಲಿನ ಕಾಪ್ಟಿಕ್ ಕ್ರೈಸ್ತರ ಉಪವಾಸದ ಅಡುಗೆಗೆ ಹಾಗನ್ನುತ್ತಾರೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರಲ್ಲ. ಕೆಲವು ಉಪವಾಸದಲ್ಲಿ ಮೀನು ನಡೆಯುತ್ತೆ, ಅದಕ್ಕೆ ಮೀನು, ಅಂದರೆ 'ಸಮಕ್', ಬೇಡ ಅಂತಲೂ ಸೇರಿಸಿ.

ಕೊನೆಗೆ ಮಳೆ. ಈಜಿಪ್ಟಿಗೆ ಕೊಡೆ ಯಾಕೆ ಅಂತ ನಗಬೇಡಿ. ಚಳಿಗಾಲದಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಸಮುದ್ರದಿಂದ ಬಿರುಮಳೆ ಬರುತ್ತೆ, ನವ್ವಾ ಅಂತಾರೆ. ನಮ್ಮಲ್ಲಿ ಆರಿದ್ರೆ, ಪುಷ್ಯ ಅಂದ ಹಾಗೆ ಅಲ್ಲಿನ ಬೆಸ್ತರು ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ನವೆಂಬರಿನದು ಮಕ್ನಸಾ, ಅಂದರೆ ಪೊರಕೆ. ಡಿಸೆಂಬರಿನ ಮೊದಲ ವಾರದ್ದು ಕಾಸಿಮ್. ತೀರ್ಥಹಳ್ಳಿಯವರಿಗೆ ಅದು ಮಳೆ ಅಂತಲೇ ಅನಿಸಲಿಕ್ಕಿಲ್ಲ. ಆದರೆ ಗಾಳಿ ಜೋರು, ಸ್ವೆಟರ್ ಇರಲಿ.

ಪ್ರಶ್ನೆ: ಕನ್ನಡ ಪದಗಳಿರುವ ಹಳೇ ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಅಲೆಕ್ಸಾಂಡ್ರಿಯಾದಲ್ಲಿದೆ ಅಂತ ಕೇಳಿದ್ದೇನೆ. ಎಲ್ಲಿ ನೋಡಬಹುದು?
– ಓದುಗರು, ಬೆಂಗಳೂರು

ಉತ್ತರ: ಅಲ್ಲಿಲ್ಲ. ನೀವು ಹೇಳುತ್ತಿರುವುದು ಒಂದು ಗ್ರೀಕ್ ಪ್ರಹಸನದ ಪಪೈರಸ್. ಅದು ಸಿಕ್ಕಿದ್ದು ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರದ ಆಕ್ಸಿರಿಂಕಸ್‌ನಲ್ಲಿ, ಈಗ ಅದರ ಹೆಸರು ಬಹನಸಾ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣುಮಗಳನ್ನು ಅವಳ ಕಡೆಯವರು ರಾಜನಿಗೆ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ಊರಿನವರ ಮಾತುಗಳು ಗ್ರೀಕ್ ಅಲ್ಲ. ಅದು ಕನ್ನಡ ಇರಬಹುದು ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ಹೇಳಿದರು. ಆಮೇಲೆ ಆರ್. ಶಾಮಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ಓದಿ ಅರ್ಥ ಹೇಳಲು ನೋಡಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಜಗಳ ಇನ್ನೂ ಇದೆ. ಪಪೈರಸ್ ಈಗ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿದೆ.

ಅಲೆಕ್ಸಾಂಡ್ರಿಯಾದ ನೆಲದಲ್ಲಿ ಇಂಥದ್ದು ಸಿಗೋದೂ ಕಷ್ಟ. ಅಲ್ಲಿ ತೇವ, ಪಪೈರಸ್ ಕೊಳೆತು ಹೋಗುತ್ತೆ. ಬಹನಸಾದ ಒಣ ಮರಳಿನ ತಿಪ್ಪೆಯಲ್ಲಿ ಇದ್ದದ್ದಕ್ಕೇ ಅದು ಉಳಿಯಿತು.