ತಿಂಗಳಿಗೆ ಎಷ್ಟು ದಿನ ಅಂತ ತಾನೇ ತಿಳಿದು ಸರಿ ತಾರೀಖು ತೋರಿಸುವ, ಬ್ಯಾಟರಿ ಇಲ್ಲದ ಪರ್ಪೆಚುಯಲ್ ಕ್ಯಾಲೆಂಡರ್ ವಾಚಿಗೆ ಲೀಪ್ ವರ್ಷ ಹೇಗೆ ಗೊತ್ತಾಗುತ್ತದೆ? ಸಂಗ್ರಹಕ್ಕೆ ಹಳೆಯದನ್ನು ಕೊಳ್ಳುವಾಗ ಏನು ನೋಡಬೇಕು?

ಎಲ್ಲಾ ಗುಟ್ಟು ಒಂದು ಪುಟ್ಟ ಚಕ್ರದಲ್ಲಿದೆ. ಹಲವು ವಾಚುಗಳಲ್ಲಿ ಅದು ನಾಲ್ಕು ವರ್ಷಕ್ಕೆ ಒಂದೇ ಸುತ್ತು ಹಾಕುತ್ತದೆ. ಅದರ ಅಂಚಿನಲ್ಲಿ 48 ತಿಂಗಳಿಗೂ ಜಾಗ. 31 ದಿನದ ತಿಂಗಳಿಗೆ ಅಂಚು ಎತ್ತರಕ್ಕೇ ಇರುತ್ತದೆ, 30ಕ್ಕೆ ಸಣ್ಣ ಕಚ್ಚು, ಫೆಬ್ರವರಿಗೆ ಆಳದ ಕಚ್ಚು. ನಾಲ್ಕು ಫೆಬ್ರವರಿಗಳಲ್ಲಿ ಒಂದರ ಕಚ್ಚು ಮಾತ್ರ ಕೂದಲೆಳೆಯಷ್ಟು ಮೇಲಿರುತ್ತದೆ. ಅದೇ 29! ಒಂದು ಪುಟ್ಟ ಸನ್ನೆಕೋಲಿನ ಮೂತಿ ಆ ಕಚ್ಚಿಗೆ ಎಷ್ಟು ಇಳಿಯುತ್ತದೋ, ತಿಂಗಳ ಕೊನೆಗೆ ತಾರೀಖು ಅಷ್ಟು ಜಾಸ್ತಿ ಹಾರುತ್ತದೆ. ಇದನ್ನು ಭೂತಗನ್ನಡಿಯಲ್ಲಿ ನೋಡಿದ ಮೇಲೆ ನನಗಂತೂ ಬೇರೆ ವಾಚು ರುಚಿಸಲಿಲ್ಲ. 2100 ಲೀಪ್ ವರ್ಷವಲ್ಲ ಅಲ್ವಾ, ಆಗ ಮಾತ್ರ ಕೈಯಾರೆ ಸರಿಮಾಡಬೇಕು.

ಇಂಥ ವಾಚುಗಳಲ್ಲಿ ಅಪರೂಪ ಅಂದರೆ ಸ್ವಿಸ್ ಕಂಪನಿ ಪಾಟೆಕ್ ಫಿಲಿಪ್ 1941ರಲ್ಲಿ ತಂದ 1518 ಅನ್ನುವ ಮಾದರಿ. ಹೆಚ್ಚಿನವು ಚಿನ್ನದವು. ಸ್ಟೀಲಿನದೊಂದು 2016ರ ಹರಾಜಿನಲ್ಲಿ 1.1 ಕೋಟಿ ಸ್ವಿಸ್ ಫ್ರಾಂಕ್ ದಾಟಿತು. ಇಲ್ಲಿ ಬೆಲೆ ಲೋಹಕ್ಕಲ್ಲ, ವಿರಳತೆಗೆ.

ಕೊಳ್ಳುವಾಗ ಡಯಲ್ ಮೂಲದ್ದೇ ಅಂತ ಖಚಿತಪಡಿಸಿಕೊಳ್ಳಿ, ಸರ್ವಿಸ್ ದಾಖಲೆ ಕೇಳಿ. ಕೇಸಿಗೆ, ಅಂದರೆ ವಾಚಿನ ಹೊರಕವಚಕ್ಕೆ, ಪಾಲಿಶ್ ಜಾಸ್ತಿ ಆಗಿ ಅಂಚುಗಳು ಸವೆದಿದ್ದರೆ ಬಿಟ್ಟುಬಿಡಿ. ಕೊಂಡ ಮೇಲೆ, ರಾತ್ರಿ ಹೊತ್ತು ಸುಮ್ನೆ ತಾರೀಖು ಬದಲಿಸಲು ಹೋಗಬೇಡಿ. ಮಧ್ಯರಾತ್ರಿಯ ಆಸುಪಾಸಿನಲ್ಲಿ ಒಳಗಿನ ಚಕ್ರಗಳ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಮುರಿಯಬಹುದು.